ಅಲ್ಸ್ಟರ್ ಡಿಫೆನ್ಸ್ ರೆಜಿಮೆಂಟ್

ಅಲ್ಸ್ಟರ್ ಡಿಫೆನ್ಸ್ ರೆಜಿಮೆಂಟ್ (ಯು.ಡಿ.ಆರ್.) ಬ್ರಿಟಿಷ್ ಭೂಸೇನೆಯ ಒಂದು ಕಾಲಾಳು ರೆಜಿಮೆಂಟ್. ಉತ್ತರ ಐರ್ಲೆಂಡಿನ ಆಂತರಿಕ ಸಂಘರ್ಷದ ಕಾಲದಲ್ಲಿ, 1970ರ ಏಪ್ರಿಲ್ 1ರಿಂದ 1992ರ ಜುಲೈ 1ರವರೆಗೆ, ಅದು ಅಸ್ತಿತ್ವದಲ್ಲಿತ್ತು. ಮೊದಲಿಗೆ ಕೌಂಟಿಗೊಂದರಂತೆಯೂ ಬೆಲ್‌ಫಾಸ್ಟ್ ನಗರಕ್ಕೊಂದರಂತೆಯೂ ಏಳು ಬೆಟಾಲಿಯನ್‌ಗಳಿದ್ದವು; ಆಮೇಲೆ ಅವು ಹನ್ನೊಂದಾದವು. ಸೈನಿಕರೆಲ್ಲ ಆಯಾ ಸ್ಥಳದವರು. ಹೆಚ್ಚಿನವರು ಹಗಲು ತಮ್ಮ ಕಸುಬು ಮಾಡಿಕೊಂಡು ರಾತ್ರಿ ಮತ್ತು ವಾರಾಂತ್ಯದಲ್ಲಿ ಸಮವಸ್ತ್ರ ತೊಡುತ್ತಿದ್ದ ಅರೆಕಾಲಿಕರು. ಇಪ್ಪತ್ತೆರಡು ವರ್ಷಗಳಲ್ಲಿ ಸುಮಾರು 40,000 ಮಂದಿ ಇದರಲ್ಲಿ ಸೇವೆ ಸಲ್ಲಿಸಿದರು. ಪ್ರಾಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಸಮುದಾಯಗಳೆರಡರಿಂದಲೂ ಜನರನ್ನು ಸೇರಿಸಿಕೊಂಡು ನಿಷ್ಪಕ್ಷಪಾತ ಪಡೆಯೊಂದನ್ನು ಕಟ್ಟುವುದು ಮೂಲ ಉದ್ದೇಶವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಬಹುತೇಕ ಒಂದೇ ಸಮುದಾಯದ ಪಡೆಯಾಯಿತು. ಸ್ಥಳೀಯರಿಂದಲೇ ಕಟ್ಟಿದ ಪಡೆ ಎಂಬುದೇ ಅದರ ಸಾಮರ್ಥ್ಯಕ್ಕೂ ಅದು ತೆತ್ತ ಬೆಲೆಗೂ ಅದರ ಮೇಲೆ ಬಂದ ಆರೋಪಗಳಿಗೂ ಕಾರಣವಾಯಿತು.

ಹಿನ್ನೆಲೆ

1920ರ ಐರ್ಲೆಂಡ್ ಸರ್ಕಾರ ಕಾಯಿದೆಯಂತೆ ಐರ್ಲೆಂಡ್ ಇಬ್ಭಾಗವಾದಾಗ ಆಂಟ್ರಿಮ್, ಆರ್ಮಾ, ಡೌನ್, ಫರ್ಮಾನಾ, ಲಂಡನ್‌ಡೆರಿ ಮತ್ತು ಟೈರೋನ್ ಎಂಬ ಆರು ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನೊಂದಿಗೆ ಉಳಿದವು. ಅಲ್ಲಿನ ಬಹುಸಂಖ್ಯಾತ ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಬ್ರಿಟನ್ನಿನ ನಂಟನ್ನು ಬಯಸುವ ಯೂನಿಯನಿಸ್ಟರು. ಅಲ್ಪಸಂಖ್ಯಾತ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಅಖಂಡ ಐರ್ಲೆಂಡನ್ನು ಬಯಸುವ ನ್ಯಾಷನಲಿಸ್ಟರು. ಹೊಸ ಪ್ರಾಂತ್ಯದ ರಕ್ಷಣೆಗೆಂದು 1920ರಲ್ಲೇ ಅಲ್ಸ್ಟರ್ ಸ್ಪೆಷಲ್ ಕಾನ್‌ಸ್ಟ್ಯಾಬ್ಯುಲರಿ ಎಂಬ ಸಹಾಯಕ ಪೊಲೀಸ್ ಪಡೆಯನ್ನು ಕಟ್ಟಲಾಯಿತು. ಇದರ ಅರೆಕಾಲಿಕ ವಿಭಾಗಕ್ಕೆ ‘ಬಿ-ಸ್ಪೆಷಲ್ಸ್’ ಎಂಬ ಹೆಸರು ನಿಂತಿತು. ಹೆಚ್ಚುಕಡಿಮೆ ಪೂರ್ತಿಯಾಗಿ ಪ್ರಾಟೆಸ್ಟಂಟರಿಂದಲೇ ತುಂಬಿದ್ದ ಈ ಪಡೆಯನ್ನು ಯೂನಿಯನಿಸ್ಟರು ಊರ ಕಾವಲುಗಾರರೆಂದು ನಂಬಿದ್ದರು. ಕ್ಯಾಥೊಲಿಕರ ಕಣ್ಣಿಗೆ ಅದು ಎದುರು ಮನೆಯವನ ಕೈಗೆ ಸರ್ಕಾರವೇ ಕೊಟ್ಟ ಬಂದೂಕಾಗಿತ್ತು.

ಮನೆ ಹಂಚಿಕೆ, ಉದ್ಯೋಗ ಮತ್ತು ಸ್ಥಳೀಯ ಚುನಾವಣೆಗಳಲ್ಲಿನ ತಾರತಮ್ಯದ ವಿರುದ್ಧ 1960ರ ದಶಕದ ಕೊನೆಗೆ ನಾಗರಿಕ ಹಕ್ಕುಗಳ ಚಳವಳಿ ಆರಂಭವಾಯಿತು. 1969ರ ಆಗಸ್ಟ್‌ನಲ್ಲಿ ಡೆರಿ ನಗರದ ಬಾಗ್‌ಸೈಡ್ ಬಡಾವಣೆಯಲ್ಲಿ ಮೂರು ದಿನ ಗಲಭೆ ನಡೆದು, ಅದು ಬೆಲ್‌ಫಾಸ್ಟ್‌ಗೂ ಹಬ್ಬಿತು. ಆಗಸ್ಟ್ 14ರಂದು ಬ್ರಿಟಿಷ್ ಸೇನೆ ಬೀದಿಗಿಳಿಯಿತು. ‘ಆಪರೇಷನ್ ಬ್ಯಾನರ್’ ಎಂಬ ಹೆಸರಿನ ಈ ಕಾರ್ಯಾಚರಣೆ ಮುಗಿದದ್ದು 2007ರಲ್ಲಿ.

ಗಲಭೆಯ ಬೆನ್ನಿಗೇ ಪೊಲೀಸ್ ವ್ಯವಸ್ಥೆಯ ಪರಿಶೀಲನೆಗೆ ಲಾರ್ಡ್ ಹಂಟ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ತೇನ್ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ 1953ರ ತಂಡದ ನಾಯಕ ಜಾನ್ ಹಂಟ್ ಇವರೇ. 1969ರ ಅಕ್ಟೋಬರ್‌ನಲ್ಲಿ ಹೊರಬಂದ ವರದಿ, ಪೊಲೀಸರನ್ನು ನಿರಾಯುಧರನ್ನಾಗಿ ಮಾಡಬೇಕು, ಬಿ-ಸ್ಪೆಷಲ್ಸ್ ಪಡೆಯನ್ನು ವಿಸರ್ಜಿಸಬೇಕು, ಅದರ ಜಾಗದಲ್ಲಿ ಸೇನೆಯ ಹತೋಟಿಯಲ್ಲಿರುವ ಅರೆಕಾಲಿಕ ಪಡೆಯನ್ನು ಸ್ಥಾಪಿಸಬೇಕು ಎಂದು ಶಿಫಾರಸು ಮಾಡಿತು. ಬಂದೂಕು ಹಿಡಿದವನು ಬೆಲ್‌ಫಾಸ್ಟ್‌ನ ಪ್ರಾಂತೀಯ ಸರ್ಕಾರಕ್ಕೆ ಉತ್ತರದಾಯಿಯಾಗದೆ ಲಂಡನ್‌ನ ರಕ್ಷಣಾ ಇಲಾಖೆಗೆ ಉತ್ತರದಾಯಿಯಾಗಿರಬೇಕು ಎಂಬುದು ಈ ಬದಲಾವಣೆಯ ತಿರುಳು.

ಸ್ಥಾಪನೆ

ಅಲ್ಸ್ಟರ್ ಡಿಫೆನ್ಸ್ ರೆಜಿಮೆಂಟ್ ಕಾಯಿದೆಗೆ 1969ರ ಡಿಸೆಂಬರ್‌ನಲ್ಲಿ ರಾಜಮುದ್ರೆ ಬಿತ್ತು. ಹೆಸರಿನ ಬಗ್ಗೆ ಸಂಸತ್ತಿನಲ್ಲೇ ತಕರಾರು ಎದ್ದಿತ್ತು. ಸಾಂಪ್ರದಾಯಿಕ ಅಲ್ಸ್ಟರ್‌ನಲ್ಲಿ ಒಂಬತ್ತು ಕೌಂಟಿಗಳಿದ್ದು, ಅವುಗಳಲ್ಲಿ ಮೂರು ಐರಿಷ್ ಗಣರಾಜ್ಯದಲ್ಲಿವೆ. ಮೇಲಾಗಿ ‘ಅಲ್ಸ್ಟರ್’ ಎಂಬುದು ಯೂನಿಯನಿಸ್ಟರು ಬಳಸುವ ಹೆಸರು ಎಂಬುದು ವಿರೋಧಿಗಳ ವಾದ. ಹೆಸರು ಮಾತ್ರ ಹಾಗೆಯೇ ಉಳಿಯಿತು.

ನೇಮಕಾತಿ 1970ರ ಜನವರಿಯಲ್ಲಿ ಆರಂಭವಾಯಿತು. ಮಾರ್ಚ್‌ ಹೊತ್ತಿಗೆ ಬಂದಿದ್ದ ಸುಮಾರು 4,800 ಅರ್ಜಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಿ-ಸ್ಪೆಷಲ್‌ಗಳವು. ಐದರಲ್ಲಿ ಒಂದು ಪಾಲು ಕ್ಯಾಥೊಲಿಕರದು. ಮೊದಲ ದಿನಗಳಲ್ಲಿ ಪಡೆಯ ಶೇ. 18ರಷ್ಟು ಸೈನಿಕರು ಕ್ಯಾಥೊಲಿಕರಾಗಿದ್ದರು. ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗೆ ಹೋಲಿಸಿದರೆ ಇದು ಕಡಿಮೆಯೇ. ಆದರೂ ಅದು ಭರವಸೆಯ ಆರಂಭವಾಗಿತ್ತು. ಏಪ್ರಿಲ್ 1ರಂದು ರೆಜಿಮೆಂಟ್ ಕಾರ್ಯಾರಂಭ ಮಾಡಿತು. ಅದೇ ತಿಂಗಳ ಕೊನೆಗೆ ಬಿ-ಸ್ಪೆಷಲ್ಸ್ ವಿಸರ್ಜನೆಯಾಯಿತು.

ಮೊದಲ ಕಮಾಂಡರ್ ಬ್ರಿಗೇಡಿಯರ್ ಲೋಗನ್ ಸ್ಕಾಟ್-ಬೌಡನ್ ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳ ದಾಳಿಗೆ ಮುನ್ನ ಕತ್ತಲಲ್ಲಿ ನಾರ್ಮಂಡಿಯ ತೀರಕ್ಕೆ ಈಜಿ ಮರಳಿನ ಮಾದರಿ ತಂದಿದ್ದ ಅಧಿಕಾರಿ. ಬೆಟಾಲಿಯನ್‌ಗಳ ಮಟ್ಟದಲ್ಲಿ ಹಳೆಯ ಪಡೆಯ ನೆರಳು ದಟ್ಟವಾಗಿತ್ತು. ಬಿ-ಸ್ಪೆಷಲ್ಸ್‌ನ ಕೌಂಟಿ ಅಧಿಕಾರಿಗಳೇ ಅವುಗಳ ಮೊದಲ ಕಮಾಂಡರುಗಳಾದರು. ಆರ್ಮಾದ 2ನೇ ಬೆಟಾಲಿಯನ್‌ಗೆ ಬಂದ ಮೈಕೇಲ್ ಟಾರೆನ್ಸ್-ಸ್ಪೆನ್ಸ್ 1940ರಲ್ಲಿ ಇಟಲಿಯ ಟರಾಂಟೊ ಬಂದರಿನ ಮೇಲಿನ ದಾಳಿಯಲ್ಲಿ ಭಾಗವಹಿಸಿದ್ದ ನೌಕಾಪಡೆಯ ವಿಮಾನ ಚಾಲಕ. ಆರ್ಮಾದ ಬಿ-ಸ್ಪೆಷಲ್‌ಗಳ ಮುಖ್ಯಸ್ಥರಾಗಿಯೂ ಇದ್ದವರು. ಫರ್ಮಾನಾ, ಟೈರೋನ್‌ನಂಥ ಗಡಿ ಕೌಂಟಿಗಳಲ್ಲಿ ಹಳೆಯ ಸ್ಪೆಷಲ್‌ಗಳೇ ಗುಂಪಾಗಿ ಬಂದು ಸೇರಿದರು. ಡೌನ್ ಕೌಂಟಿಯಲ್ಲಿ ಕ್ಯಾಥೊಲಿಕರ ಪ್ರಮಾಣ ಬೇರೆಡೆಗಿಂತ ಹೆಚ್ಚಾಗಿತ್ತು.

ಸಂಘಟನೆ ಮತ್ತು ಕರ್ತವ್ಯ

ಮೊದಲ ಏಳು ಬೆಟಾಲಿಯನ್‌ಗಳು ಆಂಟ್ರಿಮ್ (1), ಆರ್ಮಾ (2), ಡೌನ್ (3), ಫರ್ಮಾನಾ (4), ಲಂಡನ್‌ಡೆರಿ (5), ಟೈರೋನ್ (6) ಮತ್ತು ಬೆಲ್‌ಫಾಸ್ಟ್ (7). ಹಿಂಸೆ ಹೆಚ್ಚಿದಂತೆ 1971-72ರಲ್ಲಿ ಇನ್ನೂ ನಾಲ್ಕು ಸೇರಿದವು: ಟೈರೋನ್‌ನ ಪೂರ್ವ ಭಾಗಕ್ಕೆ 8ನೆಯದು, ಆಂಟ್ರಿಮ್‌ಗೆ 9ನೆಯದು, ಬೆಲ್‌ಫಾಸ್ಟ್‌ಗೆ 10ನೆಯದು, ಕ್ರೇಗಾವನ್ ಪ್ರದೇಶಕ್ಕೆ 11ನೆಯದು. 1972ರ ಕೊನೆಯ ಹೊತ್ತಿಗೆ ಸಂಖ್ಯಾಬಲ 9,000 ಮೀರಿತ್ತು. ಮುಂದೆ ಅದು ಇಳಿಮುಖವಾಗಿ, 1984ರಲ್ಲಿ 1 ಮತ್ತು 9ನೆಯವು, 7 ಮತ್ತು 10ನೆಯವು ಒಂದಾದವು.

ಕಾಯಿದೆ ಈ ಪಡೆಯ ಸೇವೆಯನ್ನು ಉತ್ತರ ಐರ್ಲೆಂಡಿನೊಳಗೆ ಮಾತ್ರ ಸೀಮಿತಗೊಳಿಸಿತ್ತು. ಗಲಭೆ ಮತ್ತು ಜನಸಂದಣಿಯ ನಿಯಂತ್ರಣಕ್ಕೆ ಇದನ್ನು ಕಳುಹಿಸುತ್ತಿರಲಿಲ್ಲ. ಆ ಕೆಲಸ ಪೊಲೀಸರದು ಮತ್ತು ಬ್ರಿಟನ್ನಿನಿಂದ ಬರುತ್ತಿದ್ದ ಪೂರ್ಣಾವಧಿ ಸೇನಾ ತುಕಡಿಗಳದು. ವಿದ್ಯುತ್ ಸ್ಥಾವರ, ಜಲಾಶಯ, ದೂರವಾಣಿ ಕೇಂದ್ರಗಳನ್ನು ಕಾಯುವುದು, ಹಳ್ಳಿಯ ದಾರಿಗಳಲ್ಲಿ ಗಸ್ತು ತಿರುಗುವುದು, ರಸ್ತೆಯಲ್ಲಿ ಇದ್ದಕ್ಕಿದ್ದಂತೆ ತಡೆ ಹಾಕಿ ವಾಹನ ತಪಾಸಣೆ ಮಾಡುವುದು ಯು.ಡಿ.ಆರ್.ನ ನಿತ್ಯದ ಕೆಲಸಗಳು. ಆರಂಭದಲ್ಲಿ ಮಹಾಯುದ್ಧ ಕಾಲದ .303 ರೈಫಲ್‌ಗಳನ್ನೇ ಹಿಡಿದಿದ್ದರು. 1972ರಿಂದ ಸೇನೆಯ ಆಗಿನ ಸ್ವಯಂಭರ್ತಿ ರೈಫಲ್‌ಗಳು ಬಂದವು.

ಪಡೆಯ ನಿಜವಾದ ಬಂಡವಾಳ ಊರಿನ ಪರಿಚಯ. ಹೊರಗಿನಿಂದ ಬಂದ ಸೇನಾ ತುಕಡಿಗಳು ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಿದ್ದವು. ಯು.ಡಿ.ಆರ್. ಸೈನಿಕ ಅಲ್ಲಿಯೇ ಹುಟ್ಟಿ ಬೆಳೆದವನು. ಯಾವ ಕಾಲುದಾರಿ ಗಡಿ ದಾಟುತ್ತದೆ, ಯಾವ ಕಾರು ಯಾರದು, ಯಾವ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ದೀಪ ಉರಿಯುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಇದೇ ಕಾರಣಕ್ಕೆ ತಪಾಸಣೆ ನಡೆದಾಗಲೆಲ್ಲ ಉರಿ ಹತ್ತಿಕೊಳ್ಳುತ್ತಿತ್ತು. ಶಾಲೆಯಲ್ಲಿ ಜೊತೆಗೆ ಓದಿದವನೋ ಪಕ್ಕದ ಹೊಲದವನೋ ಟಾರ್ಚು ಹಿಡಿದು ನಿಲ್ಲಿಸಿ, ಹೆಸರು ಗೊತ್ತಿದ್ದೂ ಹೆಸರು ಕೇಳುವುದು ಕ್ಯಾಥೊಲಿಕ್ ಹಳ್ಳಿಗರ ಸಾಮಾನ್ಯ ದೂರಾಗಿತ್ತು. ಇಂಥ ನಿಲುಗಡೆಗಳಲ್ಲಿ ಕಿರುಕುಳ, ಬೈಗುಳ ಎದುರಿಸಬೇಕಾಗುತ್ತಿತ್ತು ಎಂಬ ದೂರು ಕೊನೆಯವರೆಗೂ ನಿಲ್ಲಲಿಲ್ಲ.

ಭಾರತದ ಟೆರಿಟೋರಿಯಲ್ ಆರ್ಮಿಯಲ್ಲೂ ಬೇರೆ ಉದ್ಯೋಗದಲ್ಲಿರುವವರೇ ಸೈನಿಕರಾಗುತ್ತಾರೆ. ಅವರು ತರಬೇತಿಗೆಂದೋ ಕರೆ ಬಂದಾಗಲೋ ಉದ್ಯೋಗ ಬಿಟ್ಟು ತುಕಡಿಗೆ ಸೇರಿಕೊಳ್ಳುತ್ತಾರೆ. ಯು.ಡಿ.ಆರ್. ಅರೆಕಾಲಿಕನ ಸ್ಥಿತಿ ಬೇರೆ. ಅವನು ವರ್ಷಗಟ್ಟಲೆ ವಾರವಾರವೂ ತನ್ನದೇ ಊರಿನಲ್ಲಿ ಕಾರ್ಯಾಚರಣೆ ನಡೆಸಿ, ಮರುದಿನ ಬೆಳಿಗ್ಗೆ ಅದೇ ಊರಿನಲ್ಲಿ ಅಂಚೆ ಹಂಚಲು, ಹಾಲು ಕೊಡಲು, ಶಾಲಾ ಬಸ್ಸು ಓಡಿಸಲು ಹೋಗಬೇಕಾಗಿತ್ತು.

1970ರ ದಶಕದ ಮಧ್ಯದಲ್ಲಿ ಬ್ರಿಟಿಷ್ ಸರ್ಕಾರ ಭದ್ರತೆಯ ಹೊಣೆಯನ್ನು ಹಂತಹಂತವಾಗಿ ಸ್ಥಳೀಯ ಪೊಲೀಸರಿಗೂ ಯು.ಡಿ.ಆರ್.ಗೂ ವರ್ಗಾಯಿಸತೊಡಗಿತು. ‘ಅಲ್ಸ್ಟರೀಕರಣ’ ಎಂದು ಕರೆಯಲಾದ ಈ ನೀತಿಯಿಂದ ಬ್ರಿಟನ್ನಿನ ಸೈನಿಕರ ಸಾವು ಕಡಿಮೆಯಾಯಿತು. ರೆಜಿಮೆಂಟಿನಲ್ಲಿ ಪೂರ್ಣಾವಧಿ ಸೈನಿಕರ ಸಂಖ್ಯೆ ಏರಿತು. ಸಂಘರ್ಷದ ಮುಂಚೂಣಿಯಲ್ಲಿ ಒಂದೇ ಪ್ರಾಂತ್ಯದ ಎರಡು ಸಮುದಾಯಗಳು ಎದುರುಬದುರಾದವು.

ಮಹಿಳಾ ಸೈನಿಕರು

ಗಂಡಸರು ಹೆಂಗಸರನ್ನು ಶೋಧಿಸುವಂತಿಲ್ಲವಾದ್ದರಿಂದ ಅಖಂಡ ಐರ್ಲೆಂಡಿಗಾಗಿ ಸಶಸ್ತ್ರ ಹೋರಾಟ ನಡೆಸುತ್ತಿದ್ದ ಐ.ಆರ್.ಎ. (ಐರಿಷ್ ರಿಪಬ್ಲಿಕನ್ ಆರ್ಮಿ) ಆಯುಧ ಸಾಗಿಸಲು ಮಹಿಳೆಯರ ನೆರವು ಪಡೆಯುತ್ತಿತ್ತು. ಇದಕ್ಕೆ ಉತ್ತರವಾಗಿ 1973ರಲ್ಲಿ ಯು.ಡಿ.ಆರ್.ಗೆ ಮಹಿಳೆಯರ ನೇಮಕ ಆರಂಭವಾಯಿತು. ರೇಡಿಯೊ ಸಂಕೇತನಾಮದಿಂದ ಅವರಿಗೆ ‘ಗ್ರೀನ್‌ಫಿಂಚ್’ ಎಂಬ ಹೆಸರು ಅಂಟಿಕೊಂಡಿತು. ಬ್ರಿಟಿಷ್ ಸೇನೆಯಲ್ಲಿ ಮಹಿಳೆಯರು ಆಗ ಪ್ರತ್ಯೇಕ ದಳದಲ್ಲಿದ್ದರು. ಕಾಲಾಳು ರೆಜಿಮೆಂಟೊಂದು ಮಹಿಳೆಯರನ್ನು ತನ್ನ ಬೆಟಾಲಿಯನ್‌ಗಳೊಳಗೇ ಸೇರಿಸಿಕೊಂಡದ್ದು ಇದೇ ಮೊದಲು. ಗಸ್ತಿನ ಜೊತೆ ಹೋಗಿ ಮಹಿಳೆಯರನ್ನೂ ಮಕ್ಕಳನ್ನೂ ಶೋಧಿಸುವುದು, ರೇಡಿಯೊ ಸಂಪರ್ಕ ನೋಡಿಕೊಳ್ಳುವುದು ಅವರ ಮುಖ್ಯ ಕೆಲಸ. ಸಾಮಾನ್ಯವಾಗಿ ಅವರು ಆಯುಧ ಹಿಡಿಯುತ್ತಿರಲಿಲ್ಲ. ನಾಲ್ವರು ಮಹಿಳಾ ಸೈನಿಕರು ಹತರಾದರು. ಮೊದಲನೆಯವರು 1974ರ ಮೇ ತಿಂಗಳಲ್ಲಿ ಟೈರೋನ್‌ನ ಕ್ಲಾಹರ್ ಶಿಬಿರದ ಮೇಲೆ ನಡೆದ ಐ.ಆರ್.ಎ. ದಾಳಿಯಲ್ಲಿ ಸತ್ತರು.

ಕ್ಯಾಥೊಲಿಕ್ ಸೈನಿಕರ ನಿರ್ಗಮನ

1971ರ ಆಗಸ್ಟ್ 9ರಂದು ವಿಚಾರಣೆಯಿಲ್ಲದೆ ಬಂಧಿಸಿಡುವ ಕ್ರಮ ಜಾರಿಗೆ ಬಂತು. ಮೊದಲ ಸುತ್ತಿನಲ್ಲಿ ಸಿಕ್ಕಿಬಿದ್ದವರು ಬಹುತೇಕ ಎಲ್ಲರೂ ಕ್ಯಾಥೊಲಿಕ್ ಸಮುದಾಯದವರು. 1972ರ ಜನವರಿ 30ರಂದು ಡೆರಿಯಲ್ಲಿ ಮೆರವಣಿಗೆಯ ಮೇಲೆ ಪ್ಯಾರಾಶೂಟ್ ರೆಜಿಮೆಂಟ್ ಗುಂಡು ಹಾರಿಸಿ 13 ಮಂದಿಯನ್ನು ಸ್ಥಳದಲ್ಲೇ ಕೊಂದಿತು; ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಇವೆರಡರಲ್ಲೂ ಯು.ಡಿ.ಆರ್.ನ ಪಾತ್ರ ಮುಖ್ಯವಾಗಿರಲಿಲ್ಲ. ಆದರೆ ಅದೇ ಸೇನೆಯ ಸಮವಸ್ತ್ರ ತೊಟ್ಟ ಕ್ಯಾಥೊಲಿಕ್ ಸೈನಿಕನಿಗೆ ಊರಿನಲ್ಲಿ ಮುಖ ತೋರಿಸುವುದು ಕಷ್ಟವಾಯಿತು. ಒಂದೆಡೆ ನೆರೆಹೊರೆಯ ಬಹಿಷ್ಕಾರ, ಇನ್ನೊಂದೆಡೆ ಐ.ಆರ್.ಎ.ಯ ಬೆದರಿಕೆ, ಪಡೆಯೊಳಗೆ ದಿನೇದಿನೇ ಹೆಚ್ಚುತ್ತಿದ್ದ ಪ್ರಾಟೆಸ್ಟಂಟ್ ಸೈನಿಕರ ನಡುವೆ ಒಂಟಿತನ. ಅನೇಕರು ರಾಜೀನಾಮೆ ಕೊಟ್ಟರು. ಪಡೆ ಬಿಟ್ಟ ಮೇಲೂ ಕೊಲೆಯಾದವರುಂಟು. 1970ರ ದಶಕದ ಮಧ್ಯಭಾಗಕ್ಕೆ ಕ್ಯಾಥೊಲಿಕರ ಪ್ರಮಾಣ ಶೇ. 3ರ ಆಸುಪಾಸಿಗೆ ಇಳಿಯಿತು. ಆಮೇಲೆ ಅದು ಮತ್ತೆ ಏರಲೇ ಇಲ್ಲ.

ಸಾವುನೋವು

ಸೇವೆಯಲ್ಲಿದ್ದಾಗ 197 ಸೈನಿಕರೂ ಪಡೆ ಬಿಟ್ಟ ಮೇಲೆ 61 ಮಾಜಿ ಸೈನಿಕರೂ ಹತರಾದರು. ಬಹುತೇಕ ಕೊಲೆಗಳು ಐ.ಆರ್.ಎ.ಯಿಂದ ಆದವು. ಸೇವೆಯಲ್ಲಿದ್ದು ಸತ್ತವರಲ್ಲಿ ಬಹುಪಾಲು ಮಂದಿ ಸಾವಿನ ಹೊತ್ತಿನಲ್ಲಿ ಕರ್ತವ್ಯದಲ್ಲಿರಲಿಲ್ಲ. ಗಸ್ತಿನಲ್ಲಿರುವ ತುಕಡಿಯನ್ನು ಎದುರಿಸುವುದಕ್ಕಿಂತ ನಿತ್ಯ ಒಂದೇ ದಾರಿಯಲ್ಲಿ ಹಾಲಿನ ಗಾಡಿ ಓಡಿಸುವವನನ್ನೋ ಗಡಿಯಂಚಿನ ಹೊಲದಲ್ಲಿ ಒಬ್ಬನೇ ದುಡಿಯುವವನನ್ನೋ ಕೊಲ್ಲುವುದು ಸುಲಭವಾಗಿತ್ತು. ಸೈನಿಕರು ಕಾರು ಹತ್ತುವ ಮೊದಲು ಅಡಿಯಲ್ಲಿ ಬಾಂಬಿದೆಯೇ ಎಂದು ಬಗ್ಗಿ ನೋಡುವುದನ್ನು ರೂಢಿಸಿಕೊಂಡರು. ಕೆಲಸಕ್ಕೆ ಹೋಗುವ ದಾರಿ ಬದಲಿಸುತ್ತಿದ್ದರು. ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದರು. ಒಗೆದ ಸಮವಸ್ತ್ರವನ್ನು ಹೊರಗೆ ಹಗ್ಗದ ಮೇಲೆ ಒಣಹಾಕುತ್ತಿರಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಾರೆಂದು ಶಾಲೆಯಲ್ಲಿ ಹೇಳಬಾರದೆಂದು ಮಕ್ಕಳಿಗೆ ಕಲಿಸಲಾಗುತ್ತಿತ್ತು.

ಫರ್ಮಾನಾದಂಥ ಗಡಿ ಕೌಂಟಿಯಲ್ಲಿ ಹತರಾದವರಲ್ಲಿ ಅನೇಕರು ಸಣ್ಣ ಹಿಡುವಳಿಯ ರೈತರು. ಜಮೀನು ನೋಡಿಕೊಳ್ಳುವವರಿಲ್ಲದೆ ಕುಟುಂಬಗಳು ಗಡಿ ಬಿಟ್ಟು ಒಳಕ್ಕೆ ಸರಿದವು. ಇದು ಪ್ರಾಟೆಸ್ಟಂಟರನ್ನು ಗಡಿಯಿಂದ ಒಕ್ಕಲೆಬ್ಬಿಸುವ ಯತ್ನ ಎಂದು ಯೂನಿಯನಿಸ್ಟರು ಹೇಳುತ್ತ ಬಂದಿದ್ದಾರೆ. ತಾನು ಗುರಿಯಿಟ್ಟದ್ದು ಸಮವಸ್ತ್ರಕ್ಕೆ, ಧರ್ಮಕ್ಕಲ್ಲ ಎಂಬುದು ಐ.ಆರ್.ಎ.ಯ ಸಮರ್ಥನೆ. ಇತಿಹಾಸಕಾರರಲ್ಲಿ ಈ ಚರ್ಚೆ ಇನ್ನೂ ನಡೆದಿದೆ.

ಕರ್ತವ್ಯದಲ್ಲಿದ್ದಾಗ ಆದ ದೊಡ್ಡ ಹಾನಿಗಳಲ್ಲಿ ಒಂದು 1990ರ ಏಪ್ರಿಲ್ 9ರದು. ಡೌನ್‌ಪ್ಯಾಟ್ರಿಕ್ ಬಳಿ ರಸ್ತೆಯಡಿ ಹುದುಗಿಸಿದ್ದ ಬಾಂಬು ಸಿಡಿದು 3ನೇ ಬೆಟಾಲಿಯನ್ನಿನ ನಾಲ್ವರು ಸತ್ತರು. 1991ರ ಮೇ 31ರಂದು ಆರ್ಮಾದ ಗ್ಲೆನ್ಯಾನ್ ಶಿಬಿರದ ಮೇಲಿನ ಇಳಿಜಾರಿನಿಂದ ಸ್ಫೋಟಕ ತುಂಬಿದ ಲಾರಿಯೊಂದನ್ನು ಚಾಲಕನಿಲ್ಲದೆ ಉರುಳಿಬಿಡಲಾಯಿತು. ಸ್ಫೋಟದಲ್ಲಿ 2ನೇ ಬೆಟಾಲಿಯನ್ನಿನ ಮೂವರು ಸತ್ತು ಶಿಬಿರ ನೆಲಸಮವಾಯಿತು.

ನಿಷ್ಠಾವಾದಿ ಸಶಸ್ತ್ರ ಗುಂಪುಗಳ ನಂಟು

ಬ್ರಿಟನ್ ಪರ ಪ್ರಾಟೆಸ್ಟಂಟ್ ಸಶಸ್ತ್ರ ಗುಂಪುಗಳನ್ನು ನಿಷ್ಠಾವಾದಿಗಳೆಂದು ಕರೆಯುತ್ತಾರೆ. ಅಲ್ಸ್ಟರ್ ವಾಲಂಟಿಯರ್ ಫೋರ್ಸ್ (ಯು.ವಿ.ಎಫ್.) ಮತ್ತು ಅಲ್ಸ್ಟರ್ ಡಿಫೆನ್ಸ್ ಅಸೋಸಿಯೇಷನ್ (ಯು.ಡಿ.ಎ.) ಇವುಗಳಲ್ಲಿ ಪ್ರಮುಖವಾದವು. ಯು.ಡಿ.ಎ. ನಿಷೇಧಿತವಾದದ್ದು 1992ರ ಆಗಸ್ಟ್‌ನಲ್ಲಿ, ಅಂದರೆ ಯು.ಡಿ.ಆರ್. ಇತಿಹಾಸ ಸೇರಿದ ಮೇಲೆ. ಅಲ್ಲಿಯವರೆಗೆ ಅದರ ಸದಸ್ಯತ್ವ ಕಾನೂನಿನ ಪ್ರಕಾರ ಅಪರಾಧವಾಗಿರಲಿಲ್ಲ. ಆರಂಭದ ವರ್ಷಗಳಲ್ಲಿ ಎರಡು ಕಡೆಯೂ ಕಾಲಿಟ್ಟವರ ಬಗ್ಗೆ ಅಧಿಕಾರಿಗಳು ಬಿಗಿ ನಿಲುವು ತಳೆಯಲಿಲ್ಲ. 1972ರ ಅಕ್ಟೋಬರ್‌ನಲ್ಲಿ ಲರ್ಗನ್‌ನಲ್ಲೂ 1975ರಲ್ಲಿ ಮ್ಯಾಹರಾಫೆಲ್ಟ್‌ನಲ್ಲೂ ನಿಷ್ಠಾವಾದಿಗಳು ಶಿಬಿರಕ್ಕೆ ನುಗ್ಗಿ ರೈಫಲ್‌ಗಳನ್ನು ಹೊತ್ತೊಯ್ದರು. ಒಳಗಿನವರ ಸಹಾಯವಿದೆಯೆಂಬ ಗುಮಾನಿ ಆಗಲೇ ಬಲವಾಗಿತ್ತು.

ಸೇನೆಯ ಗುಪ್ತಚರ ವಿಭಾಗ 1973ರಲ್ಲೇ ಸಿದ್ಧಪಡಿಸಿದ ವರದಿಯೊಂದು ಸೈನಿಕರಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ನಿಷ್ಠಾವಾದಿ ಗುಂಪುಗಳ ನಂಟಿರಬಹುದೆಂದು ಅಂದಾಜಿಸಿತ್ತು. ಆ ಗುಂಪುಗಳಿಗೆ ಆಧುನಿಕ ಆಯುಧಗಳು ಮುಖ್ಯವಾಗಿ ದೊರೆಯುತ್ತಿರುವುದು ಯು.ಡಿ.ಆರ್.ನಿಂದಲೇ ಎಂದೂ ಹೇಳಿತ್ತು. ಲಂಡನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದಿಂದ ಈ ವರದಿ ಬೆಳಕಿಗೆ ಬಂದದ್ದು ಮೂರು ದಶಕಗಳ ಮೇಲೆ. ಅಪಾಯದ ಅರಿವು ಮೇಲಿನವರಿಗೆ ಮೊದಲೇ ಇತ್ತು ಎಂಬುದಕ್ಕೆ ಇದನ್ನು ಆಧಾರವಾಗಿ ಉಲ್ಲೇಖಿಸಲಾಗುತ್ತದೆ.

1975ರ ಜುಲೈ 31ರ ಮಯಾಮಿ ಶೋಬ್ಯಾಂಡ್ ಹತ್ಯೆ ಯು.ಡಿ.ಆರ್. ಸೈನಿಕರು ಭಾಗಿಯಾದ ಕೃತ್ಯಗಳಲ್ಲೆಲ್ಲ ಕುಖ್ಯಾತವಾದುದು. ಡಬ್ಲಿನ್‌ನ ಜನಪ್ರಿಯ ಸಂಗೀತ ತಂಡವೊಂದು ಬ್ಯಾನ್‌ಬ್ರಿಜ್‌ನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದಾಗ ನ್ಯೂರಿ ಸಮೀಪ ಸೇನಾ ಸಮವಸ್ತ್ರದಲ್ಲಿದ್ದವರು ವ್ಯಾನನ್ನು ತಡೆದರು. ಅವರು ಯು.ವಿ.ಎಫ್.ನವರು, ಹಲವರು ಯು.ಡಿ.ಆರ್. ಸೈನಿಕರೂ ಆಗಿದ್ದರು. ವ್ಯಾನಿನಲ್ಲಿ ಗುಟ್ಟಾಗಿ ಬಾಂಬಿಟ್ಟು, ಅದು ಮುಂದೆ ದಾರಿಯಲ್ಲಿ ಸಿಡಿಯುವಂತೆ ಮಾಡುವುದು ಅವರ ಹಂಚಿಕೆ. ಬಾಂಬು ಅಲ್ಲೇ ಸಿಡಿದು ಅದನ್ನು ಇಡುತ್ತಿದ್ದ ಇಬ್ಬರು ಸತ್ತರು. ಉಳಿದವರು ಗುಂಡು ಹಾರಿಸಿ ತಂಡದ ಮೂವರನ್ನು ಕೊಂದರು. ಇಬ್ಬರು ಯು.ಡಿ.ಆರ್. ಸೈನಿಕರಿಗೆ ಜೀವಾವಧಿ ಶಿಕ್ಷೆಯಾಯಿತು. ಸಂತ್ರಸ್ತರಿಗೆ ಪರಿಹಾರ ನೀಡಲು ಬ್ರಿಟಿಷ್ ರಕ್ಷಣಾ ಇಲಾಖೆ ಮತ್ತು ಪೊಲೀಸರು ಒಪ್ಪಿದ್ದು 2021ರಲ್ಲಿ.

ರೆಜಿಮೆಂಟಿನ ಇಡೀ ಅವಧಿಯಲ್ಲಿ 18 ಸೈನಿಕರು ಕೊಲೆ ಅಪರಾಧಕ್ಕೆ ಶಿಕ್ಷೆಗೊಳಗಾದರು. ಸೇವೆ ಸಲ್ಲಿಸಿದ ಒಟ್ಟು ಸಂಖ್ಯೆಯೆದುರು ಇದು ಅತ್ಯಲ್ಪ ಎಂದು ಸಮರ್ಥಕರು ಹೇಳುತ್ತಾರೆ. ನ್ಯಾಯಾಲಯಕ್ಕೆ ಬಂದದ್ದು ಒಂದು ಚೂರು ಮಾತ್ರ ಎಂದು ಟೀಕಾಕಾರರು ಉತ್ತರಿಸುತ್ತಾರೆ. ಶಿಕ್ಷೆಗಳೂ ವಿವಾದಾತೀತವಾಗಿರಲಿಲ್ಲ. 1983ರಲ್ಲಿ ಆರ್ಮಾದಲ್ಲಿ ನಡೆದ ಕ್ಯಾಥೊಲಿಕ್ ಯುವಕನೊಬ್ಬನ ಕೊಲೆಗಾಗಿ 2ನೇ ಬೆಟಾಲಿಯನ್ನಿನ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಪೊಲೀಸರ ವಿಚಾರಣಾ ಟಿಪ್ಪಣಿಗಳನ್ನು ತಿದ್ದಿರುವುದು ವೈಜ್ಞಾನಿಕ ಪರೀಕ್ಷೆಯಲ್ಲಿ ಗೊತ್ತಾಗಿ 1992ರಲ್ಲಿ ಮೂವರು ಬಿಡುಗಡೆಯಾದರು. ಒಬ್ಬನ ಶಿಕ್ಷೆ ಕಾಯಂ ಆಯಿತು.

ಕೊನೆಯ ವರ್ಷಗಳು ಮತ್ತು ವಿಲೀನ

1985ರ ನವೆಂಬರ್ 15ರ ಆಂಗ್ಲೊ-ಐರಿಷ್ ಒಪ್ಪಂದದ ವೇಳೆ, ಜನರ ನೇರ ಸಂಪರ್ಕಕ್ಕೆ ಬರುವ ಸೇನಾ ಕಾರ್ಯಾಚರಣೆಗಳಲ್ಲಿ ಸಾಧ್ಯವಾದಷ್ಟೂ ಪೊಲೀಸರು ಜೊತೆಗಿರಬೇಕೆಂದು ಬ್ರಿಟನ್ ಮತ್ತು ಐರಿಷ್ ಗಣರಾಜ್ಯದ ಸರ್ಕಾರಗಳು ಒಪ್ಪಿದವು. ಯು.ಡಿ.ಆರ್. ಹೆಸರು ಅದರಲ್ಲಿ ನಿರ್ದಿಷ್ಟವಾಗಿ ಬಂದಿತ್ತು. ಈ ಪಡೆಯನ್ನು ವಿಸರ್ಜಿಸಬೇಕೆಂದು ನ್ಯಾಷನಲಿಸ್ಟ್ ಪಕ್ಷವಾದ ಎಸ್.ಡಿ.ಎಲ್.ಪಿ. ಒತ್ತಾಯಿಸುತ್ತಿತ್ತು, ನ್ಯೂರಿ-ಆರ್ಮಾ ಕ್ಷೇತ್ರದ ಸಂಸದ ಷೇಮಸ್ ಮ್ಯಾಲನ್ ಅದರ ಕಟು ಟೀಕಾಕಾರ. ಸಮರ್ಥಕರಲ್ಲಿ ಮುಂದೆ ನಿಂತ ಕೆನ್ ಮೆಗಿನಿಸ್ 8ನೇ ಬೆಟಾಲಿಯನ್ನಿನಲ್ಲಿ ಮೇಜರ್ ಆಗಿದ್ದು, ಆಮೇಲೆ ಸಂಸದರಾದವರು. ಭದ್ರತಾ ಪಡೆಗಳ ಗುಪ್ತ ಕಡತಗಳು ನಿಷ್ಠಾವಾದಿಗಳ ಕೈಸೇರಿದ್ದು 1989ರಲ್ಲಿ ಬಯಲಾದಾಗ ಇಂಗ್ಲೆಂಡಿನ ಪೊಲೀಸ್ ಅಧಿಕಾರಿ ಜಾನ್ ಸ್ಟೀವನ್ಸ್ ನೇತೃತ್ವದಲ್ಲಿ ತನಿಖೆ ನಡೆಯಿತು. ಅನೇಕ ಯು.ಡಿ.ಆರ್. ಸೈನಿಕರ ಬಂಧನವಾಯಿತು.

ಶೀತಲ ಸಮರ ಮುಗಿದು ಬ್ರಿಟಿಷ್ ಸೇನೆಯ ಗಾತ್ರ ಕುಗ್ಗಿಸುವ ಯೋಜನೆ ಬಂದದ್ದು ಸರ್ಕಾರಕ್ಕೆ ಅನುಕೂಲವೇ ಆಯಿತು. ಯು.ಡಿ.ಆರ್. ಅನ್ನು ರಾಯಲ್ ಐರಿಷ್ ರೇಂಜರ್ಸ್ ರೆಜಿಮೆಂಟಿನೊಡನೆ ವಿಲೀನಗೊಳಿಸುವುದಾಗಿ ರಕ್ಷಣಾ ಸಚಿವ ಟಾಮ್ ಕಿಂಗ್ 1991ರ ಜುಲೈನಲ್ಲಿ ಪ್ರಕಟಿಸಿದರು. ಅದಕ್ಕೆ ಕೆಲವೇ ವಾರಗಳ ಮೊದಲು ರಾಣಿ ಎಲಿಜಬೆತ್ ಲಿಸ್‌ಬರ್ನ್‌ನಲ್ಲಿ ಬೆಟಾಲಿಯನ್‌ಗಳಿಗೆ ಧ್ವಜ ಪ್ರದಾನ ಮಾಡಿದ್ದರು. ರೇಂಜರ್ಸ್ ರೆಜಿಮೆಂಟಿನಲ್ಲಿ ಎರಡೂ ಸಮುದಾಯಗಳ ಸೈನಿಕರಿದ್ದು, ಅದಕ್ಕೆ ವಿದೇಶಗಳಲ್ಲಿ ಸೇವೆ ಸಲ್ಲಿಸಿದ ಪರಂಪರೆಯಿತ್ತು. 1992ರ ಜುಲೈ 1ರಂದು ರಾಯಲ್ ಐರಿಷ್ ರೆಜಿಮೆಂಟ್ ಹುಟ್ಟಿತು. ಯು.ಡಿ.ಆರ್. ಬೆಟಾಲಿಯನ್‌ಗಳು ಅದರ ಸ್ವದೇಶ ಸೇವೆಯ ವಿಭಾಗವಾಗಿ ಮುಂದುವರಿದು, ಆಪರೇಷನ್ ಬ್ಯಾನರ್ ಮುಗಿದ 2007ರಲ್ಲಿ ವಿಸರ್ಜಿತವಾದವು.

ಮೌಲ್ಯಮಾಪನ

2006ರ ಅಕ್ಟೋಬರ್‌ನಲ್ಲಿ ಯು.ಡಿ.ಆರ್. ಮತ್ತು ಅದರ ಉತ್ತರಾಧಿಕಾರಿ ಬೆಟಾಲಿಯನ್‌ಗಳ ಸೇವೆಗಾಗಿ ರಾಯಲ್ ಐರಿಷ್ ರೆಜಿಮೆಂಟಿಗೆ ‘ಕಾನ್‌ಸ್ಪಿಕ್ಯುಯಸ್ ಗ್ಯಾಲಂಟ್ರಿ ಕ್ರಾಸ್’ ಪದಕವನ್ನು ರಾಣಿ ಬೆಲ್‌ಫಾಸ್ಟ್‌ನಲ್ಲಿ ಪ್ರದಾನ ಮಾಡಿದರು. 2011ರಲ್ಲಿ ಲಿಸ್‌ಬರ್ನ್‌ನಲ್ಲಿ ಸ್ಮಾರಕ ಸ್ಥಾಪನೆಯಾಯಿತು. ಯು.ಡಿ.ಆರ್. ಇಲ್ಲದಿದ್ದರೆ ಪ್ರಾಂತ್ಯ ಅಂತರ್ಯುದ್ಧಕ್ಕೆ ಜಾರುತ್ತಿತ್ತು, ಸಶಸ್ತ್ರ ಗುಂಪುಗಳಿಗೆ ಸೇರಬಹುದಾಗಿದ್ದ ಸಾವಿರಾರು ಯುವಕರನ್ನು ಅದು ಕಾನೂನಿನ ಚೌಕಟ್ಟಿನೊಳಗೆ ಹಿಡಿದಿಟ್ಟಿತು ಎಂಬುದು ಯೂನಿಯನಿಸ್ಟ್ ನಿಲುವು. ಬಿ-ಸ್ಪೆಷಲ್ಸ್‌ಗೆ ಹೊಸ ಅಂಗಿ ತೊಡಿಸಿದ್ದಷ್ಟೇ ನಡೆಯಿತು ಎಂಬುದು ನ್ಯಾಷನಲಿಸ್ಟ್ ನಿಲುವು.

ಮೊದಲ ವರ್ಷದ ಅಂಕಿಅಂಶ ಎರಡನೆಯ ನಿಲುವನ್ನು ಪೂರ್ತಿ ಒಪ್ಪುವುದಿಲ್ಲ. ಆ ಶೇ. 18 ಮಂದಿ ಸಣ್ಣ ಧೈರ್ಯದಿಂದ ಬಂದವರಲ್ಲ. ಅವರನ್ನು ಉಳಿಸಿಕೊಳ್ಳಬಹುದಾದ ಅವಕಾಶ 1971ರವರೆಗೆ ಇತ್ತು. ನಂತರದ ಎರಡು ದಶಕಗಳ ಇತಿಹಾಸ ಮೊದಲ ನಿಲುವನ್ನೂ ಪೂರ್ತಿ ಒಪ್ಪುವುದಿಲ್ಲ. ನೇಮಕದಲ್ಲಿನ ಸಡಿಲು ಮತ್ತು ಆಯುಧಗಳ ಸೋರಿಕೆ ಮೇಲಧಿಕಾರಿಗಳಿಗೆ ಗೊತ್ತಿದ್ದೂ ಸಂಖ್ಯಾಬಲದ ಅಗತ್ಯ ಮೇಲುಗೈ ಪಡೆಯಿತು. ಅದರ ಫಲವನ್ನು ಕ್ಯಾಥೊಲಿಕ್ ನಾಗರಿಕರು ಉಂಡರು, ಪ್ರಾಮಾಣಿಕವಾಗಿ ದುಡಿದ ಬಹುಸಂಖ್ಯಾತ ಸೈನಿಕರ ಹೆಸರಿಗೂ ಮಸಿ ತಗುಲಿತು. ಒಡೆದ ಸಮಾಜದಲ್ಲಿ ಸ್ಥಳೀಯ ಪಡೆ ಕಟ್ಟುವ ಸರ್ಕಾರ ಎರಡೂ ಕಡೆಯವರ ನಂಬಿಕೆಯನ್ನು ಮೊದಲು ಗಳಿಸದಿದ್ದರೆ, ಪಡೆಯ ಸ್ಥಳೀಯತೆ ಒಂದು ಪಕ್ಷದ ಗುರುತಾಗಿಬಿಡುತ್ತದೆ. 2001ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವಾಗ ಕ್ಯಾಥೊಲಿಕರಿಗೆ ನೇಮಕಾತಿಯಲ್ಲಿ ಅರ್ಧ ಪಾಲನ್ನು ಹತ್ತು ವರ್ಷ ಕಾನೂನಿನಿಂದಲೇ ಮೀಸಲಿಡಬೇಕಾಗಿ ಬಂತು.